ದಿನಾ ನೀರೆರೆದವರ ಸುಖ

ನೂರು ದಾಟಿ ಬಾಳಿದ ಇಬ್ಬರ ನಂಟು ಮಾಗಡಿ ತಾಲ್ಲೂಕಿಗಿದೆ. ಒಬ್ಬರು ಇಲ್ಲಿನ ವೀರಾಪುರದಲ್ಲಿ 1907ರ ಏಪ್ರಿಲ್ 1ರಂದು ಹುಟ್ಟಿ ತುಮಕೂರಿನ ಸಿದ್ಧಗಂಗೆಗೆ ಹೋದ ಶಿವಕುಮಾರ ಸ್ವಾಮೀಜಿ. ಇನ್ನೊಬ್ಬರು ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ ಹುಟ್ಟಿ ಇಲ್ಲಿನ ಹುಲಿಕಲ್ಲಿಗೆ ಸೊಸೆಯಾಗಿ ಬಂದ ಸಾಲುಮರದ ತಿಮ್ಮಕ್ಕ. ಸ್ವಾಮೀಜಿ 2019ರ ಜನವರಿ 21ರಂದು, ತಮ್ಮ 111ನೇ ವಯಸ್ಸಿನಲ್ಲಿ ಲಿಂಗೈಕ್ಯರಾದರು. ತಿಮ್ಮಕ್ಕ 2025ರ ನವೆಂಬರ್ 14ರಂದು ಬೆಂಗಳೂರಿನಲ್ಲಿ ಕಣ್ಣು ಮುಚ್ಚಿದಾಗ ಅವರಿಗೆ 114 ವರ್ಷ ಎಂದು ಪತ್ರಿಕೆಗಳು ಬರೆದವು. ಒಬ್ಬರು ಸನ್ಯಾಸಿ, ಇನ್ನೊಬ್ಬರು ಮಕ್ಕಳಿಲ್ಲದ ಗೃಹಿಣಿ. ಒಬ್ಬರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದವರು, ಇನ್ನೊಬ್ಬರು ಶಾಲೆಯ ಮೆಟ್ಟಿಲು ಹತ್ತದೆ ಕಲ್ಲು ಕ್ವಾರಿಯಲ್ಲಿ ಕೂಲಿ ಮಾಡಿದವರು. ಸಂಸಾರ ಕೊಡುವ ಸುಖ ಎಂದು ಲೋಕ ಯಾವುದನ್ನು ಎಣಿಸುತ್ತದೋ, ಮನೆ ತುಂಬ ಮಕ್ಕಳು, ಹೆಸರಿನಲ್ಲಿ ಹೊಲಗದ್ದೆ, ಪೆಟ್ಟಿಗೆಯಲ್ಲಿ ಒಡವೆ, ಅದರಲ್ಲಿ ಯಾವುದೂ ಈ ಇಬ್ಬರ ಪಾಲಿಗೆ ಬರಲಿಲ್ಲ. ಆದರೂ ಇವರನ್ನು ಕಂಡು ಬಂದವರು ಹೇಳುತ್ತಿದ್ದುದು ಒಂದೇ ಮಾತು: ‘ಎಂಥ ನೆಮ್ಮದಿಯ ಮುಖ!’

ಆ ನೆಮ್ಮದಿ ಎಲ್ಲಿಂದ ಬಂತು? ದಿನನಿತ್ಯದ ಬದುಕಿನಲ್ಲಿ ಬಾಳಿಕೆ ಬರುವ ಸುಖ ಯಾವುದು, ಬಂದಷ್ಟೇ ಬೇಗ ಹೊರಟುಹೋಗುವುದು ಯಾವುದು? ಈ ಪ್ರಶ್ನೆ ಕೇಳುವುದಕ್ಕೆ ಮಾಗಡಿ ಸೀಮೆಗಿಂತ ಒಳ್ಳೆಯ ಜಾಗ ಸಿಕ್ಕುವುದು ಕಷ್ಟ. ಉತ್ತರ ಬಾಳಿ ತೋರಿಸಿದವರು ಇಲ್ಲಿದ್ದರು. ಆ ಉತ್ತರವನ್ನು ಮರೆಸುವಂಥ ಹಣದ ಗಾಳಿ ಬೀಸುತ್ತಿರುವುದೂ ಇಲ್ಲೇ.

ಹೆದ್ದಾರಿ ಬದಿಯ ಹಳ್ಳಿ

ಗುಡೇಮಾರನಹಳ್ಳಿ ಇದೇ ತಾಲ್ಲೂಕಿನ ಊರು. ಮಾಗಡಿಯಿಂದ ಬರುವ ರಸ್ತೆ ಬೆಂಗಳೂರು–ಮಂಗಳೂರು ಹೆದ್ದಾರಿಯನ್ನು ಮುಟ್ಟುವುದು ಇದರ ಆಸುಪಾಸಿನಲ್ಲಿ. ರಾಗಿ, ಅವರೆ, ತೊಗರಿ ಬೆಳೆಯುವ ಕೆಂಪು ಮಣ್ಣಿನ ಸೀಮೆ. ಮಳೆಯನ್ನೂ ಬೋರ್‌ವೆಲ್ಲನ್ನೂ ನಂಬಿ ಬೇಸಾಯ, ಜೊತೆಗೆ ಸೀಮೆಹಸು, ಕೆಲವು ಮನೆಗಳಲ್ಲಿ ರೇಷ್ಮೆ. ಬೆಂಗಳೂರು ಬೆಳೆಯುತ್ತ ಬಂದಂತೆ ಹೆದ್ದಾರಿಯ ಎರಡೂ ಬದಿಯ ಹೊಲಗಳಿಗೆ ಬೇರೆಯದೇ ಬೆಲೆ ಬಂದಿದೆ. ತಾತ ಎಕರೆಗೆ ಎಷ್ಟು ಪಲ್ಲ ರಾಗಿ ಎಂದು ಲೆಕ್ಕ ಹಾಕುತ್ತಿದ್ದ ಭೂಮಿಯನ್ನು ಮೊಮ್ಮಗ ಚದರಡಿಗೆ ಎಷ್ಟು ರೂಪಾಯಿ ಎಂದು ಲೆಕ್ಕ ಹಾಕುತ್ತಾನೆ.

ಜಮೀನು ಮಾರಿದ ಮನೆಯಲ್ಲಿ ಮೊದಲ ವರ್ಷದ ಸಂಭ್ರಮವನ್ನು ಅಲ್ಲಗಳೆಯಬೇಕಾಗಿಲ್ಲ. ಸೋರುತ್ತಿದ್ದ ಹೆಂಚಿನ ಮನೆಯ ಜಾಗದಲ್ಲಿ ತಾರಸಿ ಮನೆ ಏಳುತ್ತದೆ. ಮಗಳ ಮದುವೆ ಛತ್ರದಲ್ಲಿ ನಡೆಯುತ್ತದೆ. ಬಾಗಿಲಲ್ಲಿ ಕಾರು ನಿಲ್ಲುತ್ತದೆ. ಸಾಲ ತೀರುವುದಂತೂ ದೊಡ್ಡ ಬಿಡುಗಡೆ. ಬಡ್ಡಿಯ ಭಯದಲ್ಲಿ ರಾತ್ರಿ ಕಳೆದವರಿಗೆ ಅದರ ಬೆಲೆ ಗೊತ್ತು. ಮೂರನೆಯ ವರ್ಷದ ಹೊತ್ತಿಗೆ ತಾರಸಿ ಮನೆ ಬರೀ ಮನೆಯಾಗುತ್ತದೆ, ಕಾರು ಬರೀ ಕಾರಾಗುತ್ತದೆ. ಬೆಳಗ್ಗೆ ಎದ್ದರೆ ಕೈಗೆ ಕೆಲಸವಿಲ್ಲ. ಹಸು ಮಾರಿಯಾಗಿದೆ, ಹೊಲಕ್ಕೆ ಬೇಲಿ ಬಿದ್ದಿದೆ. ಹಣ ಹಂಚಿಕೊಂಡ ದಿನದಿಂದ ಅಣ್ಣತಮ್ಮಂದಿರ ನಡುವೆ ಮಾತಿಲ್ಲ. ‘ಕಾಸು ಬಂತು, ಕಸುಬು ಹೋಯ್ತು’ ಎಂಬ ನಿಟ್ಟುಸಿರು ಬೆಂಗಳೂರಿನ ಸುತ್ತಲಿನ ಯಾವ ಹಳ್ಳಿಯ ಅರಳಿಕಟ್ಟೆಯಲ್ಲಿ ಕೂತರೂ ಕೇಳಿಬರುತ್ತದೆ.

ಮನಶ್ಶಾಸ್ತ್ರಜ್ಞರು ಈ ಅನುಭವವನ್ನು ಅಳೆದು ನೋಡಿದ್ದಾರೆ. 1978ರಲ್ಲಿ ಫಿಲಿಪ್ ಬ್ರಿಕ್‌ಮನ್ ಮತ್ತು ಸಂಗಡಿಗರು ಅಮೆರಿಕದಲ್ಲಿ ಲಾಟರಿ ಗೆದ್ದ 22 ಮಂದಿಯನ್ನು ಮಾತಾಡಿಸಿ, ಲಾಟರಿ ಗೆಲ್ಲದ ನೆರೆಹೊರೆಯವರೊಂದಿಗೆ ಹೋಲಿಸಿದರು. ಗೆದ್ದವರು ಉಳಿದವರಿಗಿಂತ ಹೆಚ್ಚು ಸುಖಿಗಳಾಗಿ ಕಾಣಲಿಲ್ಲ. ಗೆಳೆಯರೊಡನೆ ಮಾತು, ಬೆಳಗಿನ ತಿಂಡಿಯಂಥ ಸಣ್ಣ ಸಂಗತಿಗಳಲ್ಲಿ ಅವರಿಗೆ ಸಿಗುತ್ತಿದ್ದ ಸಂತೋಷ ಉಳಿದವರಿಗಿಂತ ಕಡಿಮೆಯೇ ಇತ್ತು. ಅದು ಚಿಕ್ಕ ಅಧ್ಯಯನ. ಮುಂದೆ ಸ್ವೀಡನ್ನಿನಲ್ಲಿ ಲಾಟರಿ ಗೆದ್ದವರ ಮೇಲೆ ಬಹಳ ದೊಡ್ಡ ಅಧ್ಯಯನ ನಡೆದು 2020ರಲ್ಲಿ ಪ್ರಕಟವಾಯಿತು. ಹಣ ಬಂದವರಿಗೆ ತಮ್ಮ ಜೀವನದ ಬಗ್ಗೆ ಇರುವ ತೃಪ್ತಿ ಹತ್ತು ವರ್ಷ ಕಳೆದರೂ ತುಸು ಹೆಚ್ಚೇ ಉಳಿದಿತ್ತು. ಆದರೆ ದಿನದಿನದ ಸಂತೋಷದ ಮೇಲೆ, ಮನಸ್ಸಿನ ಆರೋಗ್ಯದ ಮೇಲೆ ಅದರ ಪರಿಣಾಮ ಇದಕ್ಕಿಂತ ಬಹಳ ಕಡಿಮೆ ಎಂದು ತಿಳಿದುಬಂತು.

ಎರಡನ್ನೂ ಸೇರಿಸಿ ಓದಿದರೆ ಸಿಗುವ ತಿಳಿವಳಿಕೆ ಇದು: ಹಣ ಕಷ್ಟವನ್ನು ಕಳೆಯುತ್ತದೆ, ಭಯವನ್ನು ತಗ್ಗಿಸುತ್ತದೆ. ಬೆಳಗ್ಗೆ ಏಳುವುದಕ್ಕೆ ಒಂದು ಕಾರಣವನ್ನು ಅದು ತಂದುಕೊಡುವುದಿಲ್ಲ. ಆ ಕಾರಣವನ್ನು ಮನುಷ್ಯ ತನ್ನ ಕೈಯಾರೆ ಬೆಳೆಸಿಕೊಳ್ಳಬೇಕು.

ಹತ್ತು ಸಸಿ, ನಾಲ್ಕು ಕಿಲೋಮೀಟರು

ಹಾಗೆ ಬೆಳೆಸಿಕೊಂಡವರ ದೊಡ್ಡ ಸಾಕ್ಷಿ ಹುಲಿಕಲ್–ಕುದೂರು ರಸ್ತೆಯ ಎರಡೂ ಬದಿಯಲ್ಲಿ ನಿಂತಿದೆ. ಅಲ್ಲಿನ 385 ಆಲದ ಮರಗಳ ಕಥೆಯನ್ನು ಕನ್ನಡದ ಮಕ್ಕಳು ಪಠ್ಯದಲ್ಲಿ ಓದಿದ್ದಾರೆ. ಪರೀಕ್ಷೆಗೆ ಓದಿ ಮರೆಯುವ ಕಥೆಯಲ್ಲ ಅದು. ಸುಖವನ್ನು ಹುಡುಕುವವರು ಅದನ್ನು ಇನ್ನೊಮ್ಮೆ ನಿಧಾನವಾಗಿ ಓದಬೇಕು.

ತಿಮ್ಮಕ್ಕ ಮತ್ತು ಅವರ ಗಂಡ ಬಿಕ್ಕಲ ಚಿಕ್ಕಯ್ಯನವರಿಗೆ ಮದುವೆಯಾಗಿ ಬಹಳ ವರ್ಷ ಕಳೆದರೂ ಮಕ್ಕಳಾಗಲಿಲ್ಲ. ಹಳ್ಳಿಯಲ್ಲಿ ಬಂಜೆ ಎನಿಸಿಕೊಂಡ ಹೆಣ್ಣುಮಗಳ ಪಾಡು ಬಲ್ಲವರೇ ಬಲ್ಲರು. ಸೀಮಂತಕ್ಕೆ, ತೊಟ್ಟಿಲ ಶಾಸ್ತ್ರಕ್ಕೆ ಕರೆಯುವಾಗ ಜನ ಹಿಂದೆಮುಂದೆ ನೋಡುತ್ತಿದ್ದ ಕಾಲ. ಸಾಯುವ ಯೋಚನೆಯೂ ತಮಗೆ ಬಂದಿತ್ತೆಂಬುದನ್ನು ತಿಮ್ಮಕ್ಕ ಮುಚ್ಚಿಟ್ಟವರಲ್ಲ. ಆ ದುಃಖದ ನಡುವೆ ಗಂಡ ಹೆಂಡತಿ ಕೈಗೆತ್ತಿಕೊಂಡದ್ದು ಆಲದ ಸಸಿಗಳನ್ನು. ಊರ ಬಳಿ ಆಲದ ಮರಗಳು ಬೇಕಾದಷ್ಟಿದ್ದವು. ಅವುಗಳಿಂದಲೇ ಸಸಿ ಮಾಡಿದರು. ಮೊದಲ ವರ್ಷ ಹತ್ತು, ಎರಡನೆಯ ವರ್ಷ ಹದಿನೈದು, ಮೂರನೆಯ ವರ್ಷ ಇಪ್ಪತ್ತು.

ಸಸಿ ನೆಡುವುದು ಒಂದು ಬೆಳಗಿನ ಕೆಲಸ. ಉಳಿಸಿಕೊಳ್ಳುವುದು ವರ್ಷಗಳ ಕೆಲಸ. ಕೂಲಿ ಮುಗಿಸಿ ಬಂದು ಗುಂಡಿ ತೋಡಬೇಕು. ನೀರಿದ್ದ ಕಡೆಯಿಂದ ಬಿಂದಿಗೆಯಲ್ಲಿ ನೀರು ಹೊತ್ತು ನಾಲ್ಕು ಕಿಲೋಮೀಟರಿನ ಉದ್ದಕ್ಕೂ ಎರೆಯುತ್ತ ಹೋಗಬೇಕು. ದನ, ಮೇಕೆ ಬಾಯಿ ಹಾಕದಂತೆ ಮುಳ್ಳುಕಂಟಿ ಕಡಿದು ತಂದು ಬೇಲಿ ಕಟ್ಟಬೇಕು. ಮಳೆಗಾಲ ಹಿಡಿಯುವ ಹೊತ್ತಿಗೆ ನೆಟ್ಟರೆ ಬೇರಿಗೆ ನೆಲ ಒಗ್ಗುತ್ತದೆ ಎಂಬ ಲೆಕ್ಕಾಚಾರ ಅವರದಾಗಿತ್ತು. ಮುಂದಿನ ಬೇಸಿಗೆಯನ್ನು ದಾಟಿಸಿದರೆ ಗಿಡ ಬದುಕಿತು ಎಂದರ್ಥ. ಬೇಸಿಗೆಯೇ ನಿಜವಾದ ಪರೀಕ್ಷೆ. ಹೊಂಡ ಬತ್ತುತ್ತದೆ, ನೀರಿಗೆ ನಡೆಯುವ ದೂರ ಹೆಚ್ಚುತ್ತದೆ, ಗಿಡದ ಬಾಯಾರಿಕೆಯೂ ಹೆಚ್ಚುತ್ತದೆ.

ಈ ಕೆಲಸಕ್ಕೆ ಸಂಬಳವಿರಲಿಲ್ಲ, ಚಪ್ಪಾಳೆಯೂ ಇರಲಿಲ್ಲ. ರಾಷ್ಟ್ರೀಯ ಪೌರ ಪ್ರಶಸ್ತಿ ಬಂದದ್ದು 1995ರಲ್ಲಿ. ಚಿಕ್ಕಯ್ಯ ತೀರಿಕೊಂಡದ್ದು ಅದಕ್ಕೆ ನಾಲ್ಕು ವರ್ಷ ಮುಂಚೆ, 1991ರಲ್ಲಿ. ಗುಂಡಿ ತೋಡಿದ ಮನುಷ್ಯನಿಗೆ ತನ್ನ ಕೆಲಸವನ್ನು ದೇಶ ಮೆಚ್ಚಿತೆಂಬ ಸುದ್ದಿ ತಿಳಿಯಲೇ ಇಲ್ಲ. ಆ ದಂಪತಿ ನೀರು ಹೊತ್ತ ಕಾಲದಲ್ಲಿ ಅವರಿಗೆ ಸಿಕ್ಕ ಸುಖವೆಲ್ಲ ಆ ಕೆಲಸದೊಳಗೇ ಹುಟ್ಟಿದ್ದು: ಮುದುಡಿದ್ದ ಎಲೆ ಮರುದಿನ ಸೆಟೆದು ನಿಂತದ್ದು, ಹೊಸ ಚಿಗುರು ಕೆಂಪಾಗಿ ಕಂಡದ್ದು, ನೆಟ್ಟ ಗಿಡ ತಮ್ಮ ಎತ್ತರ ಮೀರಿದ್ದು, ಒಂದು ದಿನ ಅದರಡಿ ಯಾವನೋ ದಾರಿಹೋಕ ತಲೆಯ ಹೊರೆ ಇಳಿಸಿ ಕೂತದ್ದು.

2019ರ ಮಾರ್ಚ್ 16ರಂದು ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ಸ್ವೀಕರಿಸುವಾಗ ತಿಮ್ಮಕ್ಕ ಮಾಡಿದ್ದನ್ನು ದೇಶವೇ ನೋಡಿತು. ಕ್ಯಾಮೆರಾದತ್ತ ನೋಡುವಂತೆ ರಾಷ್ಟ್ರಪತಿ ರಾಮನಾಥ ಕೋವಿಂದ್ ಹೇಳಿದರೆ, ಈ ಅಜ್ಜಿ ಕೈ ಎತ್ತಿ ಅವರ ಹಣೆ ಮುಟ್ಟಿ ಹರಸಿದರು. ಪ್ರಶಸ್ತಿ ತೆಗೆದುಕೊಳ್ಳಲು ಹೋದವರು ಅಲ್ಲೂ ಕೊಟ್ಟೇ ಬಂದರು. ಜೀವಮಾನವಿಡೀ ಎರೆದು ಅಭ್ಯಾಸವಾದ ಕೈಗೆ ಬೇರೆ ರೀತಿ ಗೊತ್ತಿರಲಿಲ್ಲ. ಮಕ್ಕಳಿಲ್ಲವೆಂದು ಕೊರಗಿದ್ದ ಆ ತಾಯಿ ತೀರಿಕೊಂಡದ್ದು ಮಕ್ಕಳ ದಿನಾಚರಣೆಯಂದು.

ನೀರು ಹಾಕುವ ಕೈ ಯಾರದು?

1976ರಲ್ಲಿ ಎಲೆನ್ ಲ್ಯಾಂಗರ್ ಮತ್ತು ಜೂಡಿತ್ ರೋಡಿನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞೆಯರು ಅಮೆರಿಕದ ಕನೆಕ್ಟಿಕಟ್ ರಾಜ್ಯದ ವೃದ್ಧಾಶ್ರಮವೊಂದರಲ್ಲಿ ನಡೆಸಿದ ಪ್ರಯೋಗದ ವಿವರ ಪ್ರಕಟಿಸಿದರು. ಒಂದು ಅಂತಸ್ತಿನ ವೃದ್ಧರಿಗೆ, ‘ನಿಮ್ಮ ದಿನಚರಿಯನ್ನು ನೀವೇ ತೀರ್ಮಾನಿಸಿ’ ಎಂದು ಹೇಳಿ, ಆರಿಸಿಕೊಳ್ಳಲು ಒಂದೊಂದು ಗಿಡ ಕೊಟ್ಟು, ಅದನ್ನು ನೋಡಿಕೊಳ್ಳುವ ಹೊಣೆಯನ್ನೂ ವಹಿಸಿದರು. ಇನ್ನೊಂದು ಅಂತಸ್ತಿನವರಿಗೂ ಗಿಡ ಕೊಟ್ಟರು; ಆದರೆ ನೀರು ಹಾಕುವುದು, ನೋಡಿಕೊಳ್ಳುವುದು ದಾದಿಯರ ಕೆಲಸ ಎಂದರು. ಕೆಲವೇ ವಾರಗಳಲ್ಲಿ ಮೊದಲನೆಯ ಗುಂಪಿನವರು ಹೆಚ್ಚು ಚುರುಕಾದರು, ಹೆಚ್ಚು ಬೆರೆತರು, ಹೆಚ್ಚು ಸಂತೋಷವಾಗಿದ್ದೇವೆ ಎಂದರು.

ಎರಡೂ ಗುಂಪಿನವರ ಕೋಣೆಯಲ್ಲಿ ಹಸಿರಿತ್ತು. ಒಂದು ಗುಂಪಿನವರಿಗೆ ಮಾತ್ರ ಅದರ ಹೊಣೆಯಿತ್ತು. ಗಿಡ ಇರುವುದರಲ್ಲಿ ಒಂದು ಬಗೆಯ ಸಂತೋಷವಿದೆ, ನಿಜ. ಅದಕ್ಕಿಂತ ಗಟ್ಟಿಯಾದದ್ದು, ‘ಇವತ್ತು ನಾನು ನೀರು ಹಾಕದಿದ್ದರೆ ಇದು ಬಾಡುತ್ತದೆ’ ಎಂಬ ಅರಿವು. ನನ್ನಿಂದ ಒಂದು ಜೀವಕ್ಕೆ ಆಗಬೇಕಾದದ್ದಿದೆ ಎಂದು ತಿಳಿದವನಿಗೆ ಬೆಳಗಾಗುವುದು ಭಾರವಾಗುವುದಿಲ್ಲ.

ಮನುಷ್ಯನ ಆಯುಷ್ಯವನ್ನು ಹಂತ ಹಂತವಾಗಿ ವಿವರಿಸಿದ ಎರಿಕ್ ಎರಿಕ್ಸನ್, 1950ರಲ್ಲಿ ಬಂದ ತಮ್ಮ ಗ್ರಂಥದಲ್ಲಿ ನಡುವಯಸ್ಸಿನ ಬಗ್ಗೆ ಹೇಳಿದ್ದು ಹುಲಿಕಲ್ಲಿನ ದಂಪತಿಗೆ ಅಕ್ಷರಶಃ ಒಪ್ಪುತ್ತದೆ. ಆ ವಯಸ್ಸಿನಲ್ಲಿ ಮನುಷ್ಯ ಮುಂದಿನ ತಲೆಮಾರಿಗಾಗಿ ಏನನ್ನಾದರೂ ಬೆಳೆಸಲು ತೊಡಗುತ್ತಾನೆ; ಇಲ್ಲವಾದರೆ ತನ್ನ ಚಿಂತೆಯೊಳಗೇ ನಿಂತುಬಿಡುತ್ತಾನೆ. ಬೆಳೆಸುವುದೆಂದರೆ ಹೆರುವುದೇ ಆಗಬೇಕಿಲ್ಲ. ಕಲಿಸುವುದು, ಕಟ್ಟುವುದು, ನೆಡುವುದು, ಸಾಕುವುದು ಎಲ್ಲವೂ ಬೆಳೆಸುವುದೇ. ಎರಿಕ್ಸನ್ನರ ಹೆಸರನ್ನೂ ಕೇಳದ ಇಬ್ಬರು ಕೂಲಿಕಾರರು ಈ ಸತ್ಯವನ್ನು ಮಾಗಡಿಯ ಮಣ್ಣಿನಲ್ಲಿ ತಾವಾಗಿ ಕಂಡುಕೊಂಡರು.

ಜೋಳಿಗೆಯಿಂದ ಒಲೆಗೆ

ವೀರಾಪುರದ ಹುಡುಗನ ದಾರಿ ಬೇರೆ. 1930ರಲ್ಲಿ ಸಿದ್ಧಗಂಗೆಯಲ್ಲಿ ಸನ್ಯಾಸ ದೀಕ್ಷೆ ಪಡೆದು, 1941ರಲ್ಲಿ ಮಠದ ಹೊಣೆ ಹೊತ್ತಾಗ ಶಿವಕುಮಾರ ಸ್ವಾಮೀಜಿಗೆ ಸಿಕ್ಕಿದ್ದು ಸಿರಿವಂತ ಸಂಸ್ಥಾನವಲ್ಲ. ಕೂತು ಉಣ್ಣುವ ಮಕ್ಕಳು ಹೆಚ್ಚು, ಕಣಜದಲ್ಲಿ ಕಾಳು ಕಡಿಮೆ. ಸ್ವಾಮೀಜಿ ಜೋಳಿಗೆ ಹಿಡಿದು ಊರೂರು ತಿರುಗಿದರು. ರೈತರು ಕೊಟ್ಟ ರಾಗಿ, ಬೇಳೆ, ಹುಣಸೆಹಣ್ಣು, ತೆಂಗಿನಕಾಯಿ ಗಾಡಿಗಳಲ್ಲಿ ಮಠಕ್ಕೆ ಬಂದು ಒಲೆ ಸೇರಿದವು. ಅನ್ನ, ಅಕ್ಷರ, ಆಶ್ರಯ ಎಂಬ ತ್ರಿವಿಧ ದಾಸೋಹ ಜಾತಿ ಮತ ನೋಡದೆ ನಡೆಯಿತು. ವರ್ಷ ಕಳೆದಂತೆ ಅಲ್ಲಿ ಉಂಡು ಕಲಿಯುವ ಮಕ್ಕಳ ಸಂಖ್ಯೆ ಹತ್ತು ಸಾವಿರದ ಹತ್ತಿರಕ್ಕೆ ಏರಿತು. 2007ರಲ್ಲಿ ಕರ್ನಾಟಕ ರತ್ನ, 2015ರಲ್ಲಿ ಪದ್ಮಭೂಷಣ ಅವರನ್ನು ಹುಡುಕಿಕೊಂಡು ಬಂದವು.

ಪ್ರಶಸ್ತಿಗಳಿಗಿಂತ ಅವರ ದಿನಚರಿ ನಮಗೆ ಮುಖ್ಯ. ಬೆಳಕು ಹರಿಯುವ ಮುನ್ನವೇ ಏಳುವುದು, ಇಷ್ಟಲಿಂಗ ಪೂಜೆ, ಮಿತಾಹಾರ, ಬಂದ ಭಕ್ತರ ಕಷ್ಟಸುಖ ಕೇಳುವುದು, ಸಂಜೆ ಮಕ್ಕಳೊಂದಿಗೆ ಸಾಮೂಹಿಕ ಪ್ರಾರ್ಥನೆ. ನಿನ್ನೆಯಂತೆಯೇ ಇವತ್ತು, ಇವತ್ತಿನಂತೆಯೇ ನಾಳೆ. ಹೊರಗಿನಿಂದ ನೋಡಿದರೆ ಒಂದೇ ಸಮನೆ ಸಾಗುವ, ಬೇಸರ ಹುಟ್ಟಿಸುವ ದಿನಗಳು. ಆದರೆ ಎಂಬತ್ತಕ್ಕೂ ಹೆಚ್ಚು ವರ್ಷ ಅದೇ ಕೆಲಸ ಮಾಡಿದ ಮನುಷ್ಯನ ಮುಖದಲ್ಲಿ ಬೇಸರದ ಗೆರೆ ಕಾಣಲಿಲ್ಲ. ಪ್ರತಿದಿನ ಹೊಸ ಹಸಿವು ಬರುತ್ತಿತ್ತು, ಪ್ರತಿ ಜೂನಿನಲ್ಲಿ ಟ್ರಂಕು ಹೊತ್ತು ಹೊಸ ಹುಡುಗರು ಬರುತ್ತಿದ್ದರು. ಇನ್ನೊಬ್ಬರ ಅಗತ್ಯಕ್ಕೆ ತೆರೆದುಕೊಂಡ ದಿನಚರಿ ಹಳತಾಗುವುದಿಲ್ಲ.

ಕೊಡುವುದರಲ್ಲಿರುವ ಸುಖದ ಬಗ್ಗೆ ಎಲಿಜಬೆತ್ ಡನ್ ಮತ್ತು ಸಂಗಡಿಗರು 2008ರಲ್ಲಿ ಒಂದು ಸರಳ ಪ್ರಯೋಗ ಪ್ರಕಟಿಸಿದರು. ಬೆಳಗ್ಗೆ 46 ಮಂದಿಗೆ 5 ಇಲ್ಲವೇ 20 ಡಾಲರ್ ಕೊಟ್ಟು, ಕೆಲವರಿಗೆ ನಿಮಗಾಗಿ ಖರ್ಚು ಮಾಡಿ ಎಂದರು, ಉಳಿದವರಿಗೆ ಬೇರೆಯವರಿಗಾಗಿ ಮಾಡಿ ಎಂದರು. ಸಂಜೆ ವಿಚಾರಿಸಿದರೆ ಬೇರೆಯವರಿಗಾಗಿ ಖರ್ಚು ಮಾಡಿದವರು ಹೆಚ್ಚು ಸಂತೋಷದಲ್ಲಿದ್ದರು. ಕೈಯಲ್ಲಿದ್ದದ್ದು ಐದೋ ಇಪ್ಪತ್ತೋ ಎಂಬುದರಿಂದ ವ್ಯತ್ಯಾಸವಾಗಲಿಲ್ಲ. ಮಠಕ್ಕೆ ಒಂದು ಮೊರ ರಾಗಿ ಹಾಕಿ ಕೈಮುಗಿದ ರೈತ ಮಹಿಳೆಯೂ ಮೂಟೆಗಟ್ಟಲೆ ಕಳಿಸಿದ ಜಮೀನ್ದಾರನೂ ಸಮಾನ ಸುಖದಿಂದ ಮನೆಗೆ ಹೋದರೆಂದು ನಂಬುವುದಕ್ಕೆ ಇದಕ್ಕಿಂತ ಆಧಾರ ಬೇಕೆ?

ಮುಯ್ಯಾಳಿನ ಲೆಕ್ಕ

ಇಷ್ಟು ಓದಿದವರು ಕೇಳಬಹುದು: ಇವರೆಲ್ಲ ದೊಡ್ಡವರು, ನಮ್ಮಂಥ ಸಾಮಾನ್ಯರ ಗತಿ ಏನು? ಗುಡೇಮಾರನಹಳ್ಳಿಯಂಥ ಊರಿನ ಸಾಮಾನ್ಯ ದಿನವನ್ನು ನೋಡಿದರೆ ಇದೇ ಸುಖದ ಬೇರುಗಳು ಅಲ್ಲೂ ಇವೆ.

ನಸುಕಿಗೆ ಎದ್ದ ಹೆಣ್ಣುಮಗಳು ಕೊಟ್ಟಿಗೆಗೆ ಹೋಗುತ್ತಾಳೆ. ಸಗಣಿ ಬಾಚಿ, ಹಸುವಿಗೆ ಹಿಂಡಿ ಕಲಸಿಟ್ಟು, ಕೆಚ್ಚಲು ತೊಳೆದು ಹಾಲು ಕರೆದು ಡೇರಿಗೆ ಹೊರಡುತ್ತಾಳೆ. ಡೇರಿಯ ಸರದಿಯಲ್ಲಿ ನಿಂತ ಹತ್ತು ನಿಮಿಷದಲ್ಲಿ ಊರಿನ ಸುಖದುಃಖವೆಲ್ಲ ಕೈ ಬದಲಾಗುತ್ತದೆ. ‘ನಿಮ್ಮತ್ತೆಗೆ ಜ್ವರ ಬುಡ್ತಾ ಅಕ್ಕ?’, ‘ಪಾಪುಗೆ ಸೂಜಿ ಹಾಕ್ಸಿದ್ರಾ?’ ಹಾಲಿನ ದುಡ್ಡು ಬ್ಯಾಂಕ್ ಖಾತೆಗೆ ಬೀಳುತ್ತದೆ. ಅದು ಅವಳ ಸ್ವಂತ ದುಡಿಮೆ, ಅದರ ಹೆಮ್ಮೆ ಬೇರೆ. ಅದರ ಜೊತೆಗೇ ಆ ಹತ್ತು ನಿಮಿಷದ ವಿಚಾರಣೆ ಅವಳ ದಿನವನ್ನು ಎತ್ತಿಹಿಡಿಯುತ್ತದೆ.

ರೇಷ್ಮೆ ಸಾಕುವ ಮನೆಯಲ್ಲಿ ಹುಳು ಪೊರೆ ಕಳಚುವ ನಾಲ್ಕು ‘ಜ್ವರ’ ದಾಟಿ ಹಣ್ಣಾಗುವವರೆಗೆ ಯಾರಿಗೂ ಸರಿಯಾದ ನಿದ್ದೆಯಿಲ್ಲ. ಸೊಪ್ಪು ತರುವುದು, ಹಾಕುವುದು, ಕಸ ತೆಗೆಯುವುದು, ಕಾವು ನೋಡಿಕೊಳ್ಳುವುದು. ರಾಮನಗರದ ಮಾರುಕಟ್ಟೆಯಲ್ಲಿ ಗೂಡಿಗೆ ಸಿಗುವ ಬೆಲೆ ಅವರ ಕೈಯಲ್ಲಿಲ್ಲ. ಹುಳು ಹಣ್ಣಾಗಿ ಗೂಡು ಕಟ್ಟಲು ಚಂದ್ರಿಕೆ ಏರಿದ ರಾತ್ರಿ ಮನೆಮಂದಿಗೆಲ್ಲ ಆಗುವ ಹಿಗ್ಗು ಮಾತ್ರ ಅವರದೇ. ಬೆಲೆ ಬಿದ್ದರೆ ಆ ಹಿಗ್ಗಿನಿಂದ ಸಾಲ ತೀರುವುದಿಲ್ಲ ಎಂಬುದೂ ಅಷ್ಟೇ ನಿಜ.

ಇನ್ನು ಮುಯ್ಯಾಳು. ಇವತ್ತು ನಿಮ್ಮ ಹೊಲದ ರಾಗಿ ಕಳೆಗೆ ನಾನು ಬಂದರೆ ನಾಳೆ ನನ್ನ ಹೊಲಕ್ಕೆ ನೀವು ಬರಬೇಕು ಎಂಬ ಹಳೆಯ ಕಟ್ಟಳೆ. ಕೂಲಿ ಕೊಡಲು ಕಾಸಿಲ್ಲದ ಕಾಲದಲ್ಲಿ ಬೇಸಾಯವನ್ನು ಕಾಪಾಡಿದ್ದು ಇದು. ಯಾರ ಮನೆಗೆ ಎಷ್ಟು ಆಳು ಬಾಕಿ ಎಂಬ ಲೆಕ್ಕ ಬಾಯಲ್ಲೇ ಇರುತ್ತಿತ್ತು, ಯಾರೂ ಚೀಟಿ ಬರೆಯುತ್ತಿರಲಿಲ್ಲ. ಕಳೆ ತೆಗೆಯುವ ಸಾಲಿನಲ್ಲಿ ಪದ ಹೇಳುತ್ತ, ಮಧ್ಯಾಹ್ನ ಮುದ್ದೆ ಹಂಚಿಕೊಳ್ಳುತ್ತ, ಒಬ್ಬರ ಹೊಲದ ಕೆಲಸ ಎಲ್ಲರ ಕೆಲಸವಾಗುತ್ತಿತ್ತು. ಕಳೆನಾಶಕ, ಕಟಾವು ಯಂತ್ರ ಬಂದ ಮೇಲೆ ಬೆನ್ನು ನೋವು ತಗ್ಗಿದೆ. ಅದು ಒಳ್ಳೆಯದೇ ಆಯಿತು. ಜೊತೆಗೆ ಸಾಲಿನಲ್ಲಿ ಕೂತು ಆಡುತ್ತಿದ್ದ ಮಾತೂ ಹೋಗಿದೆ. ಅದನ್ನು ಬೇರೆ ಎಲ್ಲಾದರೂ ಕಟ್ಟಿಕೊಳ್ಳದಿದ್ದರೆ ನಷ್ಟ ನಮ್ಮದೇ.

ಮಾರ್ಗಶಿರದಿಂದ ಸಂಕ್ರಾಂತಿಯವರೆಗೆ ಮಾಗಡಿ ಸೀಮೆಯ ಅವರೆಕಾಯಿಗೆ ಬೆಂಗಳೂರಿನಲ್ಲೂ ಹೆಸರು. ಸಂಜೆ ಹೊತ್ತು ಜಗಲಿಯಲ್ಲಿ ಮೊರ ಇಟ್ಟುಕೊಂಡು ನಾಲ್ಕಾರು ಮಂದಿ ಕಾಯಿ ಬಿಡಿಸುವುದು, ನೆನೆಸಿದ ಕಾಳನ್ನು ಹಿತುಕುವುದು ಒಬ್ಬರಿಂದಾಗುವ ಕೆಲಸವಲ್ಲ. ಬೆರಳು ಕಾಳಿನಲ್ಲಿ, ಕಿವಿ ಕಥೆಯಲ್ಲಿ. ಹಿತುಕಿದ ಬೇಳೆ ಸಾರಿನ ರುಚಿಯಲ್ಲಿ ಅರ್ಧ ಭಾಗ ಆ ಜಗಲಿಯದು.

ಇದು ಬರೀ ಹಳೆಯ ಕಾಲದ ಹಂಬಲವಲ್ಲ ಎಂಬುದಕ್ಕೆ ಹಾರ್ವರ್ಡ್ ವಿಶ್ವವಿದ್ಯಾಲಯದ ದೀರ್ಘ ಅಧ್ಯಯನ ಪುರಾವೆ ಕೊಡುತ್ತದೆ. 1938ರಲ್ಲಿ ಆರಂಭವಾಗಿ ಇಂದಿಗೂ ಮುಂದುವರಿದಿರುವ ಈ ಅಧ್ಯಯನ ಹಾರ್ವರ್ಡ್‌ನ 268 ವಿದ್ಯಾರ್ಥಿಗಳನ್ನೂ ಬಾಸ್ಟನ್ ನಗರದ ಬಡ ಬಡಾವಣೆಗಳ 456 ಹುಡುಗರನ್ನೂ ಅವರ ಜೀವನದುದ್ದಕ್ಕೂ ಹಿಂಬಾಲಿಸಿತು. ಐವತ್ತನೆಯ ವಯಸ್ಸಿನಲ್ಲಿ ತಮ್ಮ ಸಂಬಂಧಗಳಲ್ಲಿ ತೃಪ್ತರಾಗಿದ್ದವರೇ ಎಂಬತ್ತನೆಯ ವಯಸ್ಸಿನಲ್ಲಿ ಹೆಚ್ಚು ಆರೋಗ್ಯವಂತರಾಗಿದ್ದರು. ಐವತ್ತನೆಯ ವಯಸ್ಸಿನ ಕೊಲೆಸ್ಟರಾಲ್ ಮಟ್ಟವೂ ಅಷ್ಟು ಸರಿಯಾಗಿ ಭವಿಷ್ಯ ಹೇಳಲಿಲ್ಲ. ಅಧ್ಯಯನದ ನಾಲ್ಕನೆಯ ನಿರ್ದೇಶಕ ರಾಬರ್ಟ್ ವಾಲ್ಡಿಂಗರ್ ಅದರ ಸಾರವನ್ನು ಲೋಕಕ್ಕೆಲ್ಲ ಸಾರಿದರು: ಒಳ್ಳೆಯ ಸಂಬಂಧಗಳು ನಮ್ಮನ್ನು ಸುಖವಾಗಿಯೂ ಆರೋಗ್ಯವಾಗಿಯೂ ಇಡುತ್ತವೆ.

ಸಂಬಂಧವೂ ನೀರು ಕೇಳುವ ಗಿಡವೇ. ಒಮ್ಮೆ ನೆಟ್ಟು ಮರೆತರೆ ಉಳಿಯುವುದಿಲ್ಲ.

ಮುಂದಿನವರಿಗೆ ಬಿಟ್ಟ ನೆರಳು

ಹಳೆ ಮೈಸೂರಿನ ಊರುಗಳನ್ನು ಕಟ್ಟಿದವರು ಸುಖದ ಈ ಗುಟ್ಟನ್ನು ಬಲ್ಲವರಾಗಿದ್ದರು. ಊರಿಗೊಂದು ಕೆರೆ, ಒಂದು ಗುಂಡುತೋಪು, ಅರಳಿ ಬೇವು ಜೊತೆಯಾಗಿ ನಿಂತ ಒಂದು ಕಟ್ಟೆ, ದಾರಿಯಲ್ಲಿ ಬೇಸಿಗೆಯ ಅರವಟಿಗೆ. ಇವು ಯಾರ ಸ್ವಂತ ಆಸ್ತಿಯೂ ಅಲ್ಲ. ಗುಂಡುತೋಪಿನಲ್ಲಿ ಮಾವು, ನೇರಳೆ, ಹಲಸು, ಹೊಂಗೆ ನೆಟ್ಟವರಿಗೆ ಅದರ ಹಣ್ಣನ್ನು ಮೊಮ್ಮಕ್ಕಳು ತಿನ್ನುತ್ತಾರೆಂದು ಗೊತ್ತಿತ್ತು. ಕೆರೆ ಕಟ್ಟಿಸಿದ ಕೀರ್ತಿ ಮಾಗಡಿ ಕೆಂಪೇಗೌಡರ ವಂಶದ್ದು. ವರ್ಷ ವರ್ಷ ಹೂಳು ತೆಗೆದು ಅವನ್ನು ಉಳಿಸಿಕೊಂಡ ಪುಣ್ಯ ಹೆಸರಿಲ್ಲದ ಸಾವಿರಾರು ಊರವರದು.

ಮಾಗಡಿ ಕಡೆಯಿಂದ ಬೆಂಗಳೂರಿಗೆ ಹೋಗುವಾಗ ತುಸು ಸುತ್ತು ಹಾಕಿದರೆ ರಾಮೋಹಳ್ಳಿಯ ದೊಡ್ಡ ಆಲದಮರ ಸಿಗುತ್ತದೆ. ಅದಕ್ಕೆ ಸುಮಾರು ನಾನೂರು ವರ್ಷ ಎನ್ನುತ್ತಾರೆ. ಸುಮಾರು ಮೂರು ಎಕರೆ ಹಬ್ಬಿದ ಆ ಮರದ ಮೂಲ ಬೊಡ್ಡೆ ರೋಗ ತಗುಲಿ ಸತ್ತುಹೋಯಿತು. ನೆಲಕ್ಕಿಳಿದ ಬಿಳಲುಗಳು ಬೇರು ಬಿಟ್ಟು ಮರವನ್ನು ಹಿಡಿದು ನಿಂತಿವೆ. ಆಲ ನೆಟ್ಟವರು ತಮ್ಮ ಆಯುಷ್ಯವನ್ನು ಎಷ್ಟೋ ಪಟ್ಟು ಮೀರುವ ಕಾಲವನ್ನು ಮುಟ್ಟುತ್ತಾರೆ. ಸಾವಿನ ಭಯಕ್ಕೆ ಮನುಷ್ಯ ಕಂಡುಕೊಂಡ ಮದ್ದುಗಳಲ್ಲಿ ಇದಕ್ಕಿಂತ ಒಳ್ಳೆಯದು ಯಾವುದಿದೆ?

ಪ್ರೀತಿಸಿ ಬೆಳೆಸಿದ್ದಕ್ಕೆ ಅಪಾಯವೂ ಬರುತ್ತದೆ. 2019ರಲ್ಲಿ ಬಾಗೇಪಲ್ಲಿ–ಹಲಗೂರು ರಸ್ತೆ ಅಗಲೀಕರಣಕ್ಕೆ ತಿಮ್ಮಕ್ಕನವರ ಆಲಗಳು ಬಲಿಯಾಗುವ ಸೂಚನೆ ಬಂದಾಗ, ನೂರು ದಾಟಿದ ಆ ತಾಯಿ ಅಂದಿನ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿಯವರಿಗೆ ಮೊರೆಯಿಟ್ಟರು. ಮರ ಉಳಿಸಲು ಬೇರೆ ದಾರಿ ನೋಡುವುದಾಗಿ ಸರ್ಕಾರ ಹೇಳಿತು. ನೋವೇ ಇಲ್ಲದ ಬದುಕನ್ನು ಸುಖ ಎಂದು ತಿಳಿದವರಿಗೆ ಈ ಆತಂಕ ಅರ್ಥವಾಗುವುದಿಲ್ಲ. ಕಳೆದುಕೊಳ್ಳಲು ಹೆದರುವಷ್ಟು ಪ್ರೀತಿ ಇರುವಲ್ಲಿಯೇ ಸುಖವೂ ಬೇರು ಬಿಟ್ಟಿರುತ್ತದೆ.

ಬಡತನಕ್ಕೆ ಹಾಡು ಕಟ್ಟಬಾರದು

ಒಂದು ಎಚ್ಚರಿಕೆ ಹೇಳಲೇಬೇಕು. ತಿಮ್ಮಕ್ಕನವರ ಕಥೆಯನ್ನು ಹಿಡಿದು, ‘ನೋಡಿ, ಬಡವರು ಎಷ್ಟು ಸುಖಿಗಳು’ ಎಂದು ಉಳ್ಳವರು ಹಾಡಬಾರದು. ಗಂಡ ಹೋದ ಮೇಲೆ ಅವರು ಬಡತನವನ್ನೇ ಉಂಡರು. ತಿಂಗಳಿಗೆ 500 ರೂಪಾಯಿ ಪಿಂಚಣಿಯಲ್ಲಿ ದಿನ ನೂಕಿದ್ದೂ ಉಂಟು. ದೇಶ ವಿದೇಶದಲ್ಲಿ ಹೆಸರಾದ ಮೇಲೂ ಅವರ ಬಾಯಲ್ಲಿದ್ದ ಆಸೆ, ಹುಲಿಕಲ್ಲಿನಲ್ಲಿ ಗಂಡನ ನೆನಪಿಗೆ ಒಂದು ಹೆರಿಗೆ ಆಸ್ಪತ್ರೆ ಆಗಬೇಕು ಎಂಬುದು. ಮಕ್ಕಳಿಲ್ಲದ ತಾಯಿ ಊರಿನ ಬಸುರಿಯರಿಗಾಗಿ ಕೇಳಿಕೊಂಡ ಆಸ್ಪತ್ರೆ ಅದು. ಇನ್ನೊಬ್ಬರ ಸುಖದ ಚಿಂತೆ ಅವರನ್ನು ಕೊನೆಯವರೆಗೂ ಬಿಡಲಿಲ್ಲ.

ಹೊಟ್ಟೆಗೆ ಅನ್ನ, ತಲೆಯ ಮೇಲೆ ಸೂರು, ಕಾಯಿಲೆಗೆ ಮದ್ದು, ದುಡಿಮೆಗೆ ತಕ್ಕ ಬೆಲೆ ಇವುಗಳನ್ನು ಒದಗಿಸುವುದು ಸರ್ಕಾರ ಮತ್ತು ಸಮಾಜದ ಹೊಣೆ. ಸಿದ್ಧಗಂಗೆಯಲ್ಲೂ ಅಕ್ಷರಕ್ಕೆ ಮೊದಲು ಅನ್ನ ಬಡಿಸಲಾಗುತ್ತಿತ್ತು. ಹಸಿದವನಿಗೆ ನೆಮ್ಮದಿಯ ಪಾಠ ಹೇಳುವುದು ಅನ್ಯಾಯ. ಈ ಲೇಖನದ ಮಾತು ಹೊಟ್ಟೆ ತುಂಬಿದ ಮೇಲೂ ಮನಸ್ಸು ತುಂಬದೆ ಒದ್ದಾಡುತ್ತಿರುವವರಿಗೆ. ಅಂಥವರ ಸಂಖ್ಯೆ ಈಗ ಹಳ್ಳಿಯಲ್ಲೂ ಸಣ್ಣದಲ್ಲ. ಹೊಸ ತಾರಸಿ ಮನೆಯಲ್ಲಿ ನಾಲ್ಕು ಕೋಣೆ, ನಾಲ್ವರ ಕೈಯಲ್ಲಿ ನಾಲ್ಕು ಮೊಬೈಲು. ಎದುರು ಮನೆಯ ಅಜ್ಜಿ ಬಿದ್ದು ಎರಡು ದಿನವಾಗಿದ್ದರೂ ಯಾರಿಗೂ ತಿಳಿದಿಲ್ಲ.

ಈ ಮಳೆಗಾಲಕ್ಕೆ ಒಂದು ಬಿನ್ನಹ

ವೀರಾಪುರದ ಸ್ವಾಮೀಜಿ, ಹುಲಿಕಲ್ಲಿನ ಅಜ್ಜಿ, ಡೇರಿಗೆ ಹಾಲು ಹಾಕುವ ಹೆಣ್ಣುಮಗಳು, ವೃದ್ಧಾಶ್ರಮದಲ್ಲಿ ಗಿಡಕ್ಕೆ ನೀರು ಹಾಕಿದ ದೂರದ ದೇಶದ ಮುದುಕರು ಎಲ್ಲರ ಬದುಕಿನಲ್ಲೂ ಮೂರು ಅಂಶಗಳು ಒಂದೇ. ತಮ್ಮನ್ನು ನಂಬಿಕೊಂಡ ಒಂದು ಜೀವ ಅವರಿಗಿತ್ತು. ಅದಕ್ಕಾಗಿ ಅವರು ದಿನಾ ಸ್ವಲ್ಪ ಮೈ ಬಗ್ಗಿಸಿದರು. ಆ ಕೆಲಸದ ಫಲ ಅವರನ್ನು ದಾಟಿ ಇನ್ನೊಬ್ಬರಿಗೂ ತಲುಪಿತು. ಈ ಮೂರೂ ಕೂಡಿದ ಕಡೆ ಸುಖ ನಿಲ್ಲುತ್ತದೆ. ಒಂದು ತಪ್ಪಿದರೂ ಅದು ಹಬ್ಬದ ಮರುದಿನಕ್ಕೆ ಮುಗಿದುಹೋಗುತ್ತದೆ.

ಗುಡೇಮಾರನಹಳ್ಳಿಯವರಿಗೂ, ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಕೂತು ಇದನ್ನು ಓದುತ್ತಿರುವವರಿಗೂ ಒಂದೇ ಬಿನ್ನಹ. ಈ ಮಳೆಗಾಲದಲ್ಲಿ ನಿಮ್ಮದಲ್ಲದ ಜಾಗದಲ್ಲಿ, ಶಾಲೆಯ ಬಯಲಿನಲ್ಲೋ ಕೆರೆ ಏರಿಯ ಕೆಳಗೋ ಗುಂಡುತೋಪಿನಲ್ಲೋ, ಕೇಳಬೇಕಾದವರನ್ನು ಕೇಳಿ ಒಂದೇ ಒಂದು ಸಸಿ ನೆಡಿ. ಫೋಟೊ ತೆಗೆಸಿಕೊಂಡು ಬಂದುಬಿಡಬೇಡಿ. ಮೂರು ಬೇಸಿಗೆ ಅದಕ್ಕೆ ನೀರು ಹೊರಿ, ಮುಳ್ಳುಬೇಲಿ ಕಟ್ಟಿ. ಒಬ್ಬರೇ ಹೋಗದೆ ಮನೆಯ ಮಗುವನ್ನೋ ಪಕ್ಕದ ಮನೆಯ ಒಂಟಿ ಅಜ್ಜನನ್ನೋ ಜೊತೆಗೆ ಕರೆದುಕೊಂಡು ಹೋಗಿ. ಗಿಡ ಸಾಧ್ಯವಿಲ್ಲವೆಂದರೆ ಸರ್ಕಾರಿ ಶಾಲೆಯ ಒಂದು ಮಗುವಿಗೆ ವಾರಕ್ಕೆರಡು ಸಂಜೆ ಲೆಕ್ಕ ಹೇಳಿಕೊಡಿ. ಮಾತು ಬಿಟ್ಟಿರುವ ಅಣ್ಣನಿಗೆ ಈ ಭಾನುವಾರವೇ ಫೋನ್ ಮಾಡಿ. ಓದಿಲ್ಲದ, ಹೊಲವಿಲ್ಲದ ಇಬ್ಬರು ಕೂಲಿಕಾರರು ಹತ್ತು ಸಸಿಯಿಂದ ಶುರುಮಾಡಿದರು. ನಾವು ಒಂದರಿಂದ ಶುರುಮಾಡೋಣ.